ಮೆತ್ತಗಿದ್ದ ನೆಲ

ನೆಲ ಮೆತ್ತಗಿತ್ತು. ಅಶ್ವತ್ಥಪ್ಪನಿಗೆ ಅನುಮಾನ ಬರಬೇಕಾಗಿದ್ದದ್ದು ಅಲ್ಲೇ. ಕಾಮಸಮುದ್ರದ ಆಸುಪಾಸಿನ ನೆಲ ಯಾರಿಗೂ ಅಷ್ಟು ಸಲೀಸಾಗಿ ಬಗ್ಗುವಂಥದ್ದಲ್ಲ. ಮೇಲೆ ಒಂದು ಗೇಣು ಕೆಮ್ಮಣ್ಣು, ಕೆಳಗೆ ಗುದ್ದಲಿಯ ಬಾಯಿ ಮಡಚಿಹೋಗುವಂಥ ಗರಸು. ಹುಟ್ಟಿದಾಗಿನಿಂದ ಆ ನೆಲವನ್ನು ಬೈದುಕೊಂಡೇ ಅಗೆದವನು ಅವನು. ಆದರೆ ಆಸೆಗೆ ಬಿದ್ದವನಿಗೆ ಅನುಮಾನ ಎಲ್ಲಿಂದ ಬರಬೇಕು? ಗುದ್ದಲಿ ಹಾಕಿದರೆ ಮಣ್ಣು ರಾಗಿಹಿಟ್ಟಿನ ಹಾಗೆ ಬರುತ್ತಿತ್ತು, ಅವನು ಅಗೆಯುತ್ತಲೇ ಇದ್ದ.

ಅಗೆಯುತ್ತಿದ್ದದ್ದು ಕೂತುಕೊಂಡು. ನಿಂತು ಅಗೆಯುವ ಹಾಗಿರಲಿಲ್ಲ, ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಇರಲಿಲ್ಲ.

ಕಾಲು ಹೋದದ್ದು ಒಂದು ಜಾಲಿ ಮುಳ್ಳಿನಿಂದ. ಬದನೆ ಮಡಿಗೆ ನೀರು ಕಟ್ಟುವಾಗ ಹೆಬ್ಬೆರಳಿಗೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯವನ ಪಾದ. ಚುಚ್ಚಿದ್ದು ಮುಳ್ಳಿಗೆ ಗೊತ್ತಾಯಿತೇ ಹೊರತು ಅವನಿಗೆ ಗೊತ್ತಾಗಲಿಲ್ಲ. ಬೆರಳು ಕಪ್ಪಾಯಿತು, ಪಾದ ಊದಿತು, ಜ್ವರ ತಲೆಗೇರಿತು. ಬಂಗಾರಪೇಟೆಗೆ ಕೊಟ್ಟಿದ್ದ ಮಗಳು ಸುಕನ್ಯ ಕಾರು ಮಾಡಿಸಿಕೊಂಡು ಬಂದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದದ್ದಷ್ಟೇ ಅವನ ನೆನಪಿನಲ್ಲಿ ಉಳಿದಿತ್ತು. ಮತ್ತೆ ಕಣ್ಣು ಬಿಟ್ಟಾಗ ಹೊದಿಕೆ ಒಂದು ಕಡೆ ಉಬ್ಬಿಕೊಂಡು, ಇನ್ನೊಂದು ಕಡೆ ಹಾಸಿಗೆಗೆ ಅಂಟಿಕೊಂಡಿತ್ತು.

ಹೋದದ್ದಾದರೂ ಎಂಥ ಕಾಲು! ಹರೆಯದಲ್ಲಿ ಮೈಸೂರು ಮೈನ್ಸಿನ ಚಿನ್ನದ ಗಣಿಯಲ್ಲಿ ಕಂಟ್ರಾಕ್ಟ್ ಕೂಲಿಗೆ ಹೋಗುತ್ತಿದ್ದಾಗ ಕಲ್ಲು ತುಂಬಿದ ಗಾಡಿ ಜಾರಿ ಅದೇ ಕಾಲಿನ ಮೂಳೆ ಮುರಿದಿತ್ತು. ಉಕ್ಕಿನ ಪಟ್ಟಿ ಇಟ್ಟು, ತಿರುಪು ಬಿಗಿದು ಕೂಡಿಸಿದ್ದರು. ಗಣಿ ಮುಚ್ಚಿ ಕಾಲ ಕಳೆದರೂ ಪಟ್ಟಿ ಮಾತ್ರ ಕಾಲಲ್ಲೇ ಉಳಿಯಿತು. "ಕಂಪ್ನಿಯೋರು ನೆಲದಾಗಿನ್ ಚಿನ್ನ ತಗೊಂಡೋದ್ರು, ನನ್ ಕಾಲಾಗೆ ಕಬ್ಣ ಬಿಟ್ಟೋದ್ರು" ಎಂದು ಅವನು ಬಂದವರಿಗೆಲ್ಲ ಪಂಚೆ ಎತ್ತಿ ತೋರಿಸುತ್ತಿದ್ದ. ನೆಂಟರ ಮದುವೆಗಳಲ್ಲಿ ಅದನ್ನು ಕೇಳದೆ ಊಟಕ್ಕೆ ಎದ್ದವರಿಲ್ಲ.

ಮನೆಗೆ ಬಂದ ಮೇಲೆ ಇಲ್ಲದ ಕಾಲು ಅವನನ್ನು ಕಾಡತೊಡಗಿತು. ಸಂಜೆಯಾಯಿತೆಂದರೆ ಹೆಬ್ಬೆರಳ ಸಂದಿ ಕೆರೆಯುತ್ತಿತ್ತು. ಕೈ ಚಾಚಿದರೆ ಕೆರೆಯಲು ಏನೂ ಸಿಗುತ್ತಿರಲಿಲ್ಲ. ಒಂದು ದಿನ ಹೆಂಡತಿಯನ್ನು ಕೇಳಿಯೇಬಿಟ್ಟ.

"ಕಾಲು ಏನ್ಮಾಡಿದ್ರೇ?"

"ಆಸ್ಪತ್ರೆಯೋರು ಸುಟ್ಟಾಕಿದ್ರಂತೆ."

"ಕಬ್ಣ ಎಂಗೇ ಸುಟ್ಟೀತು?" ಎಂದು ಅವನು ನಗಾಡಿದ. ವೆಂಕಟರತ್ನಮ್ಮ ನಗದೆ ಒಳಗೆ ಎದ್ದು ಹೋದಳು.

ಅವಳೂ ಬದಲಾಗಿದ್ದಳು. ಸೊಂಟ ಮುಟ್ಟುವ ಜಡೆಯ ಹೆಂಗಸು, ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ತಲೆ ಬೋಳಿಸಿಕೊಂಡು ಪಕ್ಕದಲ್ಲಿ ಕೂತಿದ್ದಳು. ತಿರುಪತಿಗೆ ಮುಡಿ ಕೊಟ್ಟು ಬಂದೆ ಎಂದಿದ್ದಳು. ಆ ಸೀಮೆಯಲ್ಲಿ ಅದೇನು ಹೊಸದಲ್ಲ; ಗಡಿ ದಾಟಿದರೆ ಬೆಟ್ಟ, ಮನೆಯಲ್ಲಿ ಯಾರಾದರೂ ಹುಷಾರು ತಪ್ಪಿದರೆ ಮೊದಲು ಹೋಗುವುದು ಮುಡಿ, ಆಮೇಲೆ ಮಾತ್ರೆ. ಅಶ್ವತ್ಥಪ್ಪನಿಗೆ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮರೆಮಾಚಲು, "ಲಡ್ಡು ಎಲ್ಲೇ?" ಎಂದು ಕೇಳಿದ್ದ. ಬಸ್ಸಿನಲ್ಲೇ ಮರೆತುಬಿಟ್ಟೆ ಎಂದಿದ್ದಳು. ತಿರುಪತಿ ಲಡ್ಡು ಬಸ್ಸಿನಲ್ಲಿ ಮರೆಯುವ ಹೆಂಗಸು ಆ ಹೋಬಳಿಯಲ್ಲೇ ಇಲ್ಲ. ಆದರೆ ಸತ್ತು ಬದುಕಿದವನು ಲಡ್ಡಿಗಾಗಿ ಜಗಳ ಮಾಡುತ್ತಾನೆಯೇ?

ಗಾಯ ಮಾಯಿತು. ಕೃತಕ ಕಾಲಿಗೆ ಅಳತೆಯೂ ಆಯಿತು. ಕೂತು ಮಾಡುವ ಸಣ್ಣಪುಟ್ಟ ಕೆಲಸ ಮಾಡಿಕೊಂಡಿರಲಿ ಎಂದು ಡಾಕ್ಟರೇ ಹೇಳಿದ್ದರು. ವೆಂಕಟರತ್ನಮ್ಮನಿಗೆ ಮಾತ್ರ ಡಾಕ್ಟರ ಮಾತು ಪಥ್ಯವಾಗಲಿಲ್ಲ. ಜಗಲಿಯ ಮೇಲೆ ಕೂರಿಸಿ, ಹೊತ್ತುಹೊತ್ತಿಗೆ ಮುದ್ದೆ ತಂದಿಟ್ಟು, ಅವನನ್ನು ಗಾಜಿನ ಲೋಟದ ಹಾಗೆ ಎತ್ತಿಟ್ಟುಬಿಟ್ಟಿದ್ದಳು. ನೋಡಲು ಬಂದವರು ಅವನೆದುರಿಗೇ ಅವಳನ್ನು ಕೇಳುತ್ತಿದ್ದರು, "ಎಂಗವ್ನೆ ನಿಮ್ಮೆಜಮಾನ?" ಎಂದು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಾಲಿನ ಜೊತೆ ಬಾಯಿಯನ್ನೂ ಕತ್ತರಿಸಿದ್ದಾರೆ ಅಂದುಕೊಂಡಿದ್ದಾರೇನು ಇವರೆಲ್ಲ?

ಅವನು ಒಡೆದ ಮಡಕೆಯಲ್ಲಿ ಕೊತ್ತಂಬರಿ ಹಾಕಿದ, ಹಳೇ ಬಕೀಟಿನಲ್ಲಿ ಮೆಂತ್ಯ ಹಾಕಿದ. ಮಕ್ಕಳಾಟ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನವರೆಗೆ ಹೋಗಲು ಅಪ್ಪಣೆಯಿತ್ತು. ಆಚೆಗೆ, ಹೊಂಗೆ ಮರದ ಹತ್ತಿರ ಅವನ ಅಪ್ಪ ಅಮ್ಮನ ಸಮಾಧಿಗಳಿದ್ದ ಮೂಲೆಗೆ, ಖಡಾಖಂಡಿತ ಇಲ್ಲ.

"ಆ ಕಡೀಕ್ ಓಗ್ಬೇಡ. ನಾಗ್ರಾವು ಓಡಾಡ್ತದೆ."

"ಓಡಾಡ್ಲಿ ಬಿಡು. ಅದ್ಕೂ ಕಾಲಿಲ್ಲ, ನನ್ಗೂ ಇಲ್ಲ."

"ತಮಾಸೆ ಮಾಡ್ಬೇಡ. ಓಗ್ಬೇಡ ಅಂದ್ರೆ ಓಗ್ಬೇಡ."

ಕಾಯಿಲೆ ಬೀಳುವ ಮೊದಲು ಅವನು ನೆರಳಿನಲ್ಲಿ ಮೊಳಕೆಗೆ ಇಟ್ಟಿದ್ದ ತೆಂಗಿನಕಾಯಿ ಇಷ್ಟರಲ್ಲಿ ಗರಿ ಬಿಟ್ಟು ನಿಂತಿತ್ತು. ಯಾರೂ ನೀರು ಹಾಕಿರಲಿಲ್ಲ, ಅದು ಯಾರನ್ನೂ ಕೇಳದೆ ಬೆಳೆದಿತ್ತು. ಜಗಲಿಯಿಂದ ಅದನ್ನೇ ನೋಡುತ್ತ ಕೂತು ಅವನಿಗೆ ಒಂದು ಹಟ ಹುಟ್ಟಿತು. ಅದೊಂದನ್ನು ತನ್ನ ಕೈಯಾರೆ ನೆಲಕ್ಕೆ ಇಟ್ಟರೆ ತಾನಿನ್ನೂ ಬದುಕಿರುವವರ ಪೈಕಿ. ಇಲ್ಲದಿದ್ದರೆ ಜಗಲಿಯ ಮೇಲಿನ ಸಾಮಾನು.

ಅದಕ್ಕೇ ಈ ದಿನ, ಹೆಂಡತಿ ಅವನ ಸಕ್ಕರೆ ಮಾತ್ರೆ ತರಲೆಂದು ಬಸ್ಸು ಹತ್ತಿ ಬಂಗಾರಪೇಟೆಗೆ ಹೋದ ಕೂಡಲೇ, ಸಸಿಯನ್ನು ಟವಲಿನಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಗುದ್ದಲಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು, ಕಂಕುಳ ಕೋಲು ಊರಿಕೊಂಡು ಹೊರಟಿದ್ದ. ಒಗೆಯುವ ಕಲ್ಲಿನ ಹತ್ತಿರ ಅಗೆದು ನೋಡಿದ, ಗುದ್ದಲಿ ಠಣ್ ಎಂದು ವಾಪಸು ಬಂತು. ಬೇಲಿಯ ಬದಿಗೆ ನೋಡಿದ, ಅಲ್ಲೂ ಅದೇ ಪಾಡು. ಕೂತವನ ಏಟಿಗೆ ಗರಸು ಜಗ್ಗುತ್ತದೆಯೇ? ಕೊನೆಗೆ ಹೊಂಗೆ ಮರದ ಮೂಲೆಗೆ ಬಂದು, ಅಪ್ಪನ ಸಮಾಧಿಯ ಪಕ್ಕ ಒಂದೇಟು ಹಾಕಿದ. ಗುದ್ದಲಿ ಪೂರ್ತಿ ಇಳಿಯಿತು.

ಅಪ್ಪನೇ ದಾರಿ ಮಾಡಿಕೊಟ್ಟ ಎಂದು ಅಶ್ವತ್ಥಪ್ಪ ಹಿಗ್ಗಿಹೋದ. ಮಣ್ಣು ತೆಗೆದಂತೆಲ್ಲ ಬರುತ್ತಿತ್ತು. ಬೆನ್ನಲ್ಲಿ ಬೆವರಿಳಿಯಿತು. ಎಷ್ಟು ದಿನವಾಗಿತ್ತು ದುಡಿದ ಬೆವರು ಇಳಿದು! ತೆಂಗಿಗೆ ಆಳ ಬೇಕು ಎಂದು ಬೋರಲು ಮಲಗಿ, ತೋಳು ಇಳಿಬಿಟ್ಟು, ಕೈಯಿಂದಲೇ ಮಣ್ಣು ಮೊಗೆದ. ಬಾಯಲ್ಲಿ ಯಾವುದೋ ಹಳೇ ತೆಲುಗು ಪದ ಗುನುಗುತ್ತಿತ್ತು.

ಕೈಗೆ ಬಟ್ಟೆ ಸಿಕ್ಕಿತು.

ಎಳೆದ. ಮಣ್ಣು ಹಿಡಿದ ಸೀರೆಯ ಸೆರಗು. ಕುಂಕುಮ ಬಣ್ಣ, ಹಳದಿ ಅಂಚು. ಆ ಅಂಚು ಅವನಿಗೆ ಗೊತ್ತಿತ್ತು, ಬಂಗಾರಪೇಟೆಯ ಅಂಗಡಿಯಲ್ಲಿ ಅವನೇ ಆರಿಸಿದ್ದು. ಆಸ್ಪತ್ರೆಯಲ್ಲಿ ಯಾರೋ ಕದ್ದರು ಎಂದು ಹೆಂಡತಿ ಹೇಳಿದ್ದ ಸೀರೆ. ಮತ್ತೆ ಎಳೆದಾಗ ಬಟ್ಟೆ ಪಿಸಿದು, ಒಳಗಿದ್ದದ್ದು ಕಾಣಿಸಿತು. ಮೂಳೆ. ಮೂಳೆಯ ಮೇಲೆ ಉದ್ದಕ್ಕೆ ಒಂದು ಉಕ್ಕಿನ ಪಟ್ಟಿ, ಸಾಲಾಗಿ ತಿರುಪುಗಳು.

ಅಶ್ವತ್ಥಪ್ಪ ಕಿರುಚಲಿಲ್ಲ. ಎದೆ ಮಾತ್ರ ಆಸ್ಪತ್ರೆಯಲ್ಲಿ ಪಕ್ಕದ ಮಂಚದ ಮಿಷನ್ನು ಹೊಡೆದುಕೊಂಡ ಹಾಗೆ ಹೊಡೆದುಕೊಂಡಿತು. ತನ್ನ ಕಾಲನ್ನು ತಾನೇ ಅಗೆದು ತೆಗೆದ ಗಂಡಸು ಲೋಕದಲ್ಲಿ ಇನ್ನೊಬ್ಬನಿದ್ದಾನೋ ಇಲ್ಲವೋ, ಇದ್ದರೆ ಅವನೂ ಹೀಗೆ ಬಾಯಿ ತೆರೆದುಕೊಂಡೇ ಮಲಗಿರಬೇಕು. ಪಟ್ಟಿಯ ಮೇಲಿನ ಮಣ್ಣನ್ನು ಬೆರಳಿನಿಂದ ಒರೆಸಿದ. ಉಕ್ಕು ತಣ್ಣಗಿತ್ತು. ಅಷ್ಟು ವರ್ಷ ಮೈಯೊಳಗೆ ಹೊತ್ತು ತಿರುಗಿದ್ದನ್ನು ಮುಟ್ಟಿ ನೋಡಿದ್ದು ಅದೇ ಮೊದಲು.

ಆಮೇಲೆ ಕಣ್ಣು ಗುಂಡಿಯ ಅಂಚಿಗೆ ಹೋಯಿತು. ಒಂದು ಬದಿಯಲ್ಲಿ ಗರಸು ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು, ಅದರ ಮೇಲೆ ಉದ್ದುದ್ದ ಗೀರುಗಳು. ಜೆಸಿಬಿಯ ಹಲ್ಲು. ಒಂದು ಕಾಲು ಹೂಳಲು ಯಾರಾದರೂ ಜೆಸಿಬಿ ತರಿಸುತ್ತಾರೆಯೇ? ತೆವಳಿಕೊಂಡು, ಗುದ್ದಲಿಯ ಕಾವಿನಿಂದ ನೆಲ ಚುಚ್ಚುತ್ತ ಹೋದ. ಮೆತ್ತಗಿತ್ತು, ಮೆತ್ತಗಿತ್ತು, ಇನ್ನೂ ಮೆತ್ತಗಿತ್ತು. ಆಳುದ್ದ ಹೋದ ಮೇಲೆ ಕಾವು ಗಟ್ಟಿ ನೆಲಕ್ಕೆ ತಾಗಿತು. ಅಗಲ ಒಬ್ಬ ಮನುಷ್ಯ ಮಲಗುವಷ್ಟು. ಅಪ್ಪನ ಸಮಾಧಿಗೆ ಸರಿಸಮನಾಗಿ, ದಕ್ಷಿಣಕ್ಕೆ ತಲೆ ಬರುವ ಹಾಗೆ. ಪೂರ್ವದ ಕಡೆ ಒಂದು ಮೊಳ ಗಟ್ಟಿ ನೆಲ, ಅದರಾಚೆ ಮತ್ತೆ ಮೆತ್ತಗೆ. ಆದರೆ ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಇದು ಕಾಲಿಗೆ ತೋಡಿದ ಗುಂಡಿಯಲ್ಲ. ಇದು ಅವನಿಗೆ ತೋಡಿದ್ದು.

ಕೈಕಾಲು ಸೋತುಹೋದವು, ಕಾಲು ಅನ್ನುವುದು ಒಂದೇ ಇದ್ದರೂ. ಮುಖ ಮಣ್ಣಿಗಿಟ್ಟು ಹಾಗೇ ಬಿದ್ದುಕೊಂಡ.

ವೆಂಕಟರತ್ನಮ್ಮ ತಮ್ಮ ಚಿರಂಜೀವಿಯ ಬೈಕಿನಲ್ಲಿ ಬಂದಳು. ಚಿರಂಜೀವಿ ಬಂಗಾರಪೇಟೆಯಲ್ಲಿ ಜೆಸಿಬಿ ಓಡಿಸುವವನು. ಅಕ್ಕ ಬಸ್ಸಿಗೆ ಕಾಯುವುದು ಕಂಡು ಹತ್ತಿಸಿಕೊಂಡು ಬಂದಿದ್ದ. ಜಗಲಿ ಖಾಲಿಯಿರುವುದನ್ನು ನೋಡಿ ಅವಳು ಹಿತ್ತಲಿಗೆ ಓಡಿದಳು. ಹೊಂಗೆಯ ಕೆಳಗೆ, ಬಾಯಿ ತೆರೆದ ಗುಂಡಿಯ ಪಕ್ಕ ಗಂಡ ಬೋರಲು ಬಿದ್ದಿದ್ದ.

"ಅಯ್ಯೋ ನನ್ನಪ್ಪಾ! ಕರ್ಕೊಂಡೇ ಬಿಡ್ತಲ್ಲೋ ಚಿರೂ, ಕರ್ಕೊಂಡೇ ಬಿಡ್ತು!"

ಅಶ್ವತ್ಥಪ್ಪ ತಲೆಯೆತ್ತಿದ. ಅವನ ಮುಖದ ತುಂಬ ಕೆಮ್ಮಣ್ಣು. ಅವಳು ಇನ್ನೊಂದು ಸಲ ಕಿರುಚಿದಳು.

"ಸತ್ತಿಲ್ಲ ಕಣೇ" ಎಂದ. "ಯಾವ್ದು ಕರ್ಕೊಂಡಿದ್ದು?"

ಅವಳು ಅವನ ಪಕ್ಕದಲ್ಲಿ ಬಿದ್ದಿದ್ದ ಮೂಳೆಯನ್ನು, ಅದರ ಮೇಲಿನ ಉಕ್ಕಿನ ಪಟ್ಟಿಯನ್ನು ನೋಡಿ ಇದ್ದಲ್ಲೇ ಕುಸಿದು ಕೂತಳು.

"ಸುಟ್ರು ಅಂದಿದ್ದೆ."

"ಸುಳ್ಳೇಳ್ದೆ."

"ಕಾಲಿನ್ ಮಾತು ಆಮೇಲಿರ್ಲಿ. ಈ ಗುಂಡಿ ಯಾರ್ಗೆ ತೋಡ್ಸಿದ್ದು? ಆಳುದ್ದ ಐತೆ. ನಮ್ಮಪ್ಪನ್ ಪಕ್ಕ ಐತೆ. ಯಾರ್ಗೆ?"

ಹೊಂಗೆ ಮರದಲ್ಲಿ ಕಾಗೆ ಕೂಗಿತು. ಕೊನೆಗೆ ಬಾಯಿ ಬಿಟ್ಟವನು ಚಿರಂಜೀವಿ.

"ಬಾವಾ, ಆವತ್ತು ನನ್ ಮಿಷನ್ನು ಪಕ್ಕದೋರ್ ಒಲ್ದಾಗಿತ್ತು. ಕೃಷಿ ಒಂಡ ತೋಡ್ತಿದ್ದೆ. ಆಸ್ಪತ್ರೆಯಿಂದ ಪೋನು ಬಂತು, ನಂಜು ಮೈಗೆಲ್ಲ ಏರೈತೆ, ಕಾಲು ತೆಗುದ್ರೂ ಈ ರಾತ್ರಿ ದಾಟೋದು ಕಷ್ಟ ಅಂತವ್ರೆ ಅಂತ. ಮಿಷನ್ನು ಮಾರ್ನೆ ದಿನ ಆಂದ್ರ ಕಡೀಕ್ ಓಗ್ಬೇಕಾಗಿತ್ತು. ಈ ಗರಸ್ನಾಗೆ ಆಳ್ಗಳ್ ಕೈಲಿ ತೋಡ್ಸಕ್ಕಾಗ್ತದಾ? ನಿಮ್ಮಪ್ಪನ್ ಗುಂಡಿ ಆಗ್ಲಿಲ್ಲ ಅಂತ ಎಣ ಎರಡು ದಿನ ಕಾಯ್ಲಿಲ್ವಾ, ನೀನೇ ಏಳ್ತಿದ್ದೆ. ಅದ್ಕೇ ಅಕ್ಕುನ್ ಕೇಳ್ದೆ."

ಅಶ್ವತ್ಥಪ್ಪ ಹೆಂಡತಿಯ ಕಡೆ ತಿರುಗಿದ. "ನೀನೇನಂದೆ?"

"ತೋಡು ಅಂದೆ."

"ನಾನಿನ್ನೂ ಉಸ್ರಾಡ್ತಿದ್ನಲ್ಲೇ!"

"ಉಸ್ರಾಡ್ತಿದ್ದೆ. ನಿನ್ ಮಂಚದ್ ಅತ್ರ ನಿಂತ್ಕೊಂಡೇ ಅಂದೆ. ಈ ಬಾಯಾಗೇ ಅಂದೆ." ಅವಳು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಇಷ್ಟು ದಿನ ಮುದ್ದೆ ಮುರಿದು ಕೊಟ್ಟ ಕೈ, ಗಾಯಕ್ಕೆ ಮುಲಾಮು ಸವರಿದ ಕೈ, ಅದೇ ಕೈಯಲ್ಲಿ ಫೋನು ಹಿಡಿದು ಗುಂಡಿ ತೋಡಿಸಿದ್ದಳು. ಜಗಲಿಯ ಮೇಲೆ ಕೂತು ಬದುಕಿದ್ದೇನೆ ಎಂದು ತೋರಿಸಿಕೊಳ್ಳಲು ತಾನು ಪಟ್ಟ ಪಾಡೆಲ್ಲ ನೆನಪಾಯಿತು. ಯಾರಿಗೆ ತೋರಿಸುವುದು? ಲೆಕ್ಕ ಚುಕ್ತಾ ಆಗಿ ಎಷ್ಟೋ ದಿನವಾಗಿತ್ತು.

ವೆಂಕಟರತ್ನಮ್ಮ ಹೇಳುತ್ತಲೇ ಹೋದಳು, ಕಟ್ಟೆ ಒಡೆದ ಮೇಲೆ ನೀರು ನಿಲ್ಲುವುದಿಲ್ಲ. ಬೆಳಗಾದರೂ ಅವನ ಉಸಿರು ನಿಂತಿರಲಿಲ್ಲ. ಊರಲ್ಲಿ ಗುಂಡಿ ಬಾಯಿ ತೆರೆದುಕೊಂಡಿತ್ತು. ರಾತ್ರಿ ಮಳೆ ಹೊಡೆದು ಅರ್ಧ ಕುಸಿದಿತ್ತು. ಊರಿನ ಹಿರಿಯಳು ಮುನಿಶಾಮಮ್ಮ ಫೋನಿನಲ್ಲಿ ಬಾಯಿ ಬಾಯಿ ಬಡಿದುಕೊಂಡಿದ್ದಳು: ತೋಡಿದ ಗುಂಡಿಯನ್ನು ಬರೀ ಹೊಟ್ಟೆಯಲ್ಲಿ ಮುಚ್ಚಬಾರದು, ಯಾರಿಗೆ ತೋಡಿದರೋ ಅವರನ್ನೇ ಕೇಳುತ್ತದೆ, ಅವರದೇ ಏನಾದರೂ ಕೊಟ್ಟು ಬಿಡಿಸಿಕೊಳ್ಳಬೇಕು. ಆಗ ಇವಳು ಸುಕನ್ಯಳನ್ನು ಕಾವಲು ಬಿಟ್ಟು, ಆಸ್ಪತ್ರೆಯವರ ಕಾಲು ಹಿಡಿದು, ಗಂಡನ ಕಾಲು ಕೇಳಿ ಪಡೆದಿದ್ದಳು. ಸೀರೆಯಲ್ಲಿ ಸುತ್ತಿ, ಚೀಲದಲ್ಲಿಟ್ಟು, ಮಡಿಲಲ್ಲಿ ಹೊತ್ತು ಬಸ್ಸು ಹತ್ತಿದ್ದಳು.

"ಕಂಡಕ್ಟ್ರು ಏನಮ್ಮಾ ಅದು ಅಂದ. ಮೇಕೆ ಕಾಲು ಅಂದೆ. ಸೂಪಾ ಅಂದ. ಊಂ ಅಂದೆ." ಅವಳು ಅಳುತ್ತಲೇ ಹೇಳಿದಳು. "ತಂದು ಗುಂಡಿಗಿಟ್ಟೆ. ಇದು ಅವ್ನ್ ಪಾಲು, ಮಿಕ್ಕಿದ್ದ ಕೇಳ್ಬೇಡ ಅಂತ ಅಣೆ ಮಣ್ಣಿಗಿಟ್ಟು ಬೇಡ್ಕೊಂಡೆ. ಅದೇ ಸಾಯಂಕಾಲ ನೀನು ಕಣ್ಬಿಟ್ಟೆ. ಈಗ ಅದ್ನ ತೆಗ್ದು ಕೂತಿದ್ದೀಯಲ್ಲ! ಇಟ್ಬಿಡು. ದೀಪ ಅಚ್ಚೋ ಒತ್ಗೆ ಮುಂಚೆ ಇಟ್ಬಿಡು, ನಿನ್ ದಮ್ಮಯ್ಯ."

"ಗುಂಡಿಗೇನು ಬಾಯೈತಾ, ಒಟ್ಟೆಯೈತಾ?" ಅಶ್ವತ್ಥಪ್ಪ ಗುಡುಗಿದ. "ಮಾತ್ರೆ ಕೊಟ್ಟೋರು ಡಾಕ್ಟ್ರು, ಎಸ್ರು ಗುಂಡೀದು! ನನ್ಗೆ ಗುಂಡಿ ತೋಡ್ಸಿದ್ದೂ ಅಲ್ದೆ ಅದ್ಕೆ ಲಂಚ ಬೇರೆ ಕೊಟ್ಟವ್ಳೆ. ಇಡಲ್ಲ, ಓಗು. ಈ ಮೂಳೆ ಎಲ್ಲಾನ ಬಿಸಾಕ್ರಿ. ಇವತ್ತು ನಾನು ತೆಂಗು ನೆಟ್ಟೇ ತೀರ್ತೀನಿ."

ಸಸಿ ಎಳೆದುಕೊಂಡ. ಆದರೆ ಅಷ್ಟೆಲ್ಲ ಬೈದವನಿಗೂ ತನ್ನ ಕಾಲು ಮಲಗಿದ್ದ ಜಾಗದಲ್ಲಿ ಸಸಿ ಇಡಲು ಕೈ ಬರಲಿಲ್ಲ. ಪೂರ್ವದ ಕಡೆಗೆ ತೆವಳಿದ. ಅಲ್ಲೂ ನೆಲ ಮೆತ್ತಗಿತ್ತಲ್ಲ.

"ಅಲ್ಬೇಡ!"

ಆ ಕೂಗಿಗೆ ಕಾಗೆ ಹಾರಿಹೋಯಿತು. ಈವರೆಗಿನ ಅಳುವಿನಲ್ಲಿ ಇಲ್ಲದ ದಿಗಿಲು ಅದರಲ್ಲಿತ್ತು. ಚಿರಂಜೀವಿ ಮುಖ ಬೇಲಿಯ ಕಡೆ ತಿರುಗಿಸಿಕೊಂಡ. ಅಶ್ವತ್ಥಪ್ಪ ಕೇಳಿಸದವನ ಹಾಗೆ ಗುದ್ದಲಿ ಎತ್ತಿ ಹಾಕಿದ, ಇನ್ನೊಮ್ಮೆ ಹಾಕಿದ, ಮತ್ತೊಮ್ಮೆ. ಎಳೆದಾಗ ಗುದ್ದಲಿಯ ಬಾಯಿಗೆ ಏನೋ ಸುತ್ತಿಕೊಂಡು ಬಂತು.

ಜಡೆ. ನಡುನಡುವೆ ನರೆತ, ಸೊಂಟದುದ್ದದ ಜಡೆ. ತುದಿಯಲ್ಲಿ ಕೆಂಪು ಟೇಪು ಕಟ್ಟಿದ್ದು ಹಾಗೇ ಇತ್ತು.

ಅವನು ಜಡೆಯನ್ನು ನೋಡಿದ. ಹೆಂಡತಿಯ ತಲೆ ನೋಡಿದ. ಸೆರಗು ಜಾರಿ, ಕೊಯ್ದ ರಾಗಿ ಹೊಲದ ಕೂಳೆಯಂಥ ಗಿಡ್ಡ ಕೂದಲು ಕಾಣುತ್ತಿತ್ತು.

"ತಿರುಪ್ತಿ?"

"ಓಗಿಲ್ಲ."

"ಲಡ್ಡು..."

"ಓಗಿದ್ರೆ ತಾನೆ ತರೋದು."

"ನಾನ್ ಒಂದೇ ತೋಡ್ತೀನಿ ಅಂದೆ ಬಾವಾ" ಎಂದ ಚಿರಂಜೀವಿ, ಬೇಲಿಯ ಕಡೆಗೇ ಮುಖ ಮಾಡಿಕೊಂಡು. ಜೆಸಿಬಿ ಓಡಿಸುವ ಆಳು, ದನಿ ಒಡೆದುಹೋಗಿತ್ತು. "ಅಕ್ಕ ಕೇಳ್ಲಿಲ್ಲ."

"ಎಂಗೂ ಮಿಷನ್ನು ಬಂದೈತೆ, ಪಕ್ಕದಾಗೆ ನನ್ದೂ ಒಂದು ತೋಡ್ಬಿಡು ಅಂದೆ" ಎಂದಳು ವೆಂಕಟರತ್ನಮ್ಮ. ಹೇಗೂ ಮಿಲ್ಲಿಗೆ ಹೋಗ್ತೀಯ, ನಮ್ಮ ರಾಗಿಯನ್ನೂ ಬೀಸಿಸಿಕೊಂಡು ಬಾ ಅನ್ನುವ ದನಿ. "ನೀನೋದ್ಮೇಲೆ ನನ್ಗಿಲ್ಲೇನ್ ಕೆಲ್ಸ? ಆಮೇಲೆ ನೀನು ಉಳ್ಕೊಂಡೆ. ನಿನ್ ಗುಂಡೀಗೆ ಕಾಲಿತ್ತು. ನನ್ ಗುಂಡೀಗೆ ಏನ್ ಕೊಡ್ಲಿ? ಇದೇ ಇದ್ದಿದ್ದು."

ಅಶ್ವತ್ಥಪ್ಪ ಜಡೆಯನ್ನು ಅಂಗೈ ಮೇಲೆ ಹರಡಿಕೊಂಡ. ಕಾಲು ಕಂಡಾಗ ಬಡಿದುಕೊಂಡಿದ್ದ ಎದೆ ಈಗ ನಿಂತೇಹೋಯಿತು ಅನ್ನಿಸಿತು. ಕೆದರಿದ ನೆಲ ಅವನ ಮುಂದೆ ಬಾಯಿ ತೆರೆದುಕೊಂಡಿತ್ತು, ಅದರ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಏಕೆಂದರೆ ಇದ್ದ ಒಂದನ್ನೂ ಅವನು ಈಗಷ್ಟೇ ಎಳೆದು ತೆಗೆದಿದ್ದ. ಹೊಂಗೆಯ ನೆರಳು ಉದ್ದವಾಗುತ್ತಿತ್ತು. ದೀಪ ಹಚ್ಚುವ ಹೊತ್ತು ದೂರವಿರಲಿಲ್ಲ.

ಗುದ್ದಲಿಯನ್ನು ಎಸೆದ. ಜಡೆಯನ್ನು ಸುರುಳಿ ಸುತ್ತಿ, ಕೆಂಪು ಟೇಪು ಮೇಲೆ ಬರುವ ಹಾಗೆ ಗುಂಡಿಯಲ್ಲಿಟ್ಟ. ಬೋರಲು ಬಿದ್ದು ಎರಡೂ ಕೈಯಿಂದ, ಮೊಣಕೈಯಿಂದ, ಎದೆಯಿಂದ ಮಣ್ಣು ನೂಕತೊಡಗಿದ. ಉಗುರಿನ ಸಂದಿಗೆ ಕಲ್ಲು ಹೊಕ್ಕು ರಕ್ತ ಬಂತು, ನಿಲ್ಲಿಸಲಿಲ್ಲ. ಮೊಂಡುಗಾಲು ನೆಲಕ್ಕೆ ಉಜ್ಜುತ್ತಿತ್ತು.

"ಏಯ್, ಗಾಯ ಬಿಟ್ಕೋತದೆ! ಬಿಡು, ನಾನ್ ಮುಚ್ತೀನಿ" ಎಂದು ಅವಳು ತೋಳು ಹಿಡಿದು ಎಳೆದಳು. "ಮೊದ್ಲು ನಿನ್ದು ಮುಚ್ಚು, ನಿನ್ ಕಾಲು ಆಚೆ ಐತೆ. ಒತ್ತಾಗ್ತದೆ."

"ನನ್ದಿರ್ಲಿ" ಎಂದ ಅಶ್ವತ್ಥಪ್ಪ, ಕೈ ಬಿಡಿಸಿಕೊಂಡು ಇನ್ನೊಂದು ಬೊಗಸೆ ಮಣ್ಣು ತಳ್ಳುತ್ತ. "ಲೇ ಚಿರೂ, ನೋಡ್ಕೊಂಡ್ ನಿಂತಿದ್ದೀಯಲ್ಲ, ಬಾರ್ಲಾ ಇಲ್ಲಿ. ಮೊದ್ಲು ಇವ್ಳ್ದು ಮುಚ್ಚು."